ನಿಮ್ಮ ಟಿಕೆಟ್ಟಿನ ವಿವರಕ್ಕಾಗಿ ಅಮೆರಿಕ, ಯುರೋಪ್ ಕಿತ್ತಾಡಿದ್ದು ಯಾಕೆ?

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೂಲಕ ಶಿಕಾಗೋಗೆ ಟಿಕೆಟ್ ಬುಕ್ ಮಾಡುವಾಗ ಊಟದ ಕಾಲಮ್ಮಿನಲ್ಲಿ ‘ಹಿಂದೂ ಮೀಲ್’ ಅಂತಲೋ ‘ಜೈನ್ ಮೀಲ್’ ಅಂತಲೋ ಆರಿಸಿರುತ್ತೀರಿ. ಅದು ನಿಮ್ಮ ಪಿಎನ್‌ಆರ್‌ನಲ್ಲಿ, ಅಂದರೆ ವಿಮಾನ ಕಂಪನಿ ಇಟ್ಟುಕೊಳ್ಳುವ ನಿಮ್ಮ ಬುಕಿಂಗ್ ದಾಖಲೆಯಲ್ಲಿ, ನಾಲ್ಕಕ್ಷರದ ಕೋಡ್ ಆಗಿ ಕೂರುತ್ತದೆ. ಹಿಂದೂ ಊಟಕ್ಕೆ ಎಚ್‌ಎನ್‌ಎಂಎಲ್, ಜೈನರ ಊಟಕ್ಕೆ ವಿಜೆಎಂಎಲ್, ಮುಸ್ಲಿಮರ ಊಟಕ್ಕೆ ಎಂಒಎಂಎಲ್, ಯಹೂದಿಗಳ ಕೋಷರ್ ಊಟಕ್ಕೆ ಕೆಎಸ್‌ಎಂಎಲ್. ಅಡುಗೆ ಮಾಡಿ ಕಳಿಸುವವರಿಗೆ ಇದು ಎಷ್ಟು ತಟ್ಟೆ ಬೇಕು ಅನ್ನುವ ಲೆಕ್ಕ ಅಷ್ಟೇ. ಆದರೆ ಪಿಎನ್‌ಆರ್ ಅಲ್ಲಿಗೇ ನಿಲ್ಲುವುದಿಲ್ಲ. ಹೆಸರು, ಫೋನ್, ಕಾರ್ಡಿನ ವಿವರ, ಸೀಟು, ಲಗೇಜು, ಜೊತೆಗೆ ಯಾರು ಬರುತ್ತಿದ್ದಾರೆ, ಟಿಕೆಟ್ ಮಾಡಿಸಿದ ಏಜೆಂಟ್ ಯಾರು, ಎಲ್ಲವೂ ವಿಮಾನ ಹಾರುವ ಮೊದಲೇ ಅಮೆರಿಕದ ಗೃಹಭದ್ರತಾ ಇಲಾಖೆಗೆ ಹೋಗುತ್ತದೆ. ಆ ಊಟದ ಕೋಡನ್ನು ಅವರು ನೋಡಬಹುದೋ ಇಲ್ಲವೋ ಅನ್ನುವುದಕ್ಕೆ ವಾಷಿಂಗ್ಟನ್ನೂ ಯುರೋಪ್ ಒಕ್ಕೂಟದ ಬ್ರಸೆಲ್ಸೂ ವರ್ಷಗಟ್ಟಲೆ ಜಗಳವಾಡಿವೆ.

ಪ್ರಯಾಣಿಕರ ಯಾವ ಮಾಹಿತಿಯನ್ನು ಯಾವ ದೇಶಕ್ಕೆ ಕೊಡಬೇಕು, ಯಾವುದನ್ನು ಕೊಡಬಾರದು ಅಂತ ವಿಮಾನ ಕಂಪನಿಗಳಿಗೆ ಹೇಳುವುದೇ ನನ್ನ ಕೆಲಸ. ಹಾಗಾಗಿ ಒಂದು ಪ್ರಶ್ನೆ ಮೇಲಿಂದ ಮೇಲೆ ಬರುತ್ತದೆ: ‘ಭಯೋತ್ಪಾದನೆ ವಿಷಯದಲ್ಲಿ ಯುರೋಪಿನವರು ಸ್ವಲ್ಪ ಮೆತ್ತಗೆ ಅಲ್ವಾ?’

ನನಗೆ ಹಾಗನ್ನಿಸುವುದಿಲ್ಲ. ಒಬ್ಬನೇ ಒಬ್ಬ ತಪ್ಪಿಸಿಕೊಂಡು ಒಳಗೆ ಬಂದುಬಿಟ್ಟರೆ ಅನ್ನುವುದು ಅಮೆರಿಕದ ಹೆದರಿಕೆ. ಯುರೋಪಿಗೂ ಆ ಹೆದರಿಕೆ ಇದೆ, ಅದರ ಜೊತೆಗೆ ಇನ್ನೊಂದೂ ಇದೆ: ಎಲ್ಲರ ಫೈಲೂ ಸರ್ಕಾರದ ಕೈಗೆ ಸಿಕ್ಕರೆ ಏನಾಗುತ್ತದೆ ಅನ್ನುವುದನ್ನು ಅಲ್ಲಿನವರು ಕಣ್ಣಾರೆ ನೋಡಿದ್ದಾರೆ. ಹಿಟ್ಲರನ ಗುಪ್ತ ಪೊಲೀಸ್ ಗೆಸ್ಟಾಪೋ, ಆಮೇಲೆ ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಸ್ಟಾಸಿ. ಬರ್ಲಿನ್ ಗೋಡೆ ಬಿದ್ದದ್ದು 1989ರಲ್ಲಿ, ಅಂದರೆ ತಮ್ಮ ಮೇಲೆ ಬರೆದಿಟ್ಟ ಫೈಲನ್ನು ತಾವೇ ಓದಿದವರು ಈಗಲೂ ಬದುಕಿದ್ದಾರೆ.

ಇನ್ನೊಂದು ವ್ಯತ್ಯಾಸ ಅನುಭವದ್ದು. 2001ರ ಸೆಪ್ಟೆಂಬರ್ 11ರಂದು ಸುಮಾರು 3,000 ಜನ ಸತ್ತರು. ವಿಮಾನ ಅಪಹರಿಸಿದ 19 ಜನರೂ ಹೊರಗಿನಿಂದ ವೀಸಾ ಪಡೆದು ಬಂದವರು. ಹಾಗಾಗಿ ಅಮೆರಿಕಕ್ಕೆ ಇದು ಯುದ್ಧ, ಇದಕ್ಕೆ ಪರಿಹಾರ ಗಡಿಯಲ್ಲಿದೆ ಅಂತ ತೋರಿದ್ದು ಸಹಜ. ಯುರೋಪಿನಲ್ಲಿ ಬಾಂಬು ಇಟ್ಟವರು ಬಹಳ ಸಲ ಅಲ್ಲಿನವರೇ. ಉತ್ತರ ಐರ್ಲೆಂಡಿನ ಗಲಭೆಯಲ್ಲಿ ಸುಮಾರು 3,500 ಜನ ಸತ್ತಿದ್ದಾರೆ, ಸ್ಪೇನಿನಲ್ಲಿ ಪ್ರತ್ಯೇಕ ಬಾಸ್ಕ್ ನಾಡು ಕೇಳುತ್ತಿದ್ದ ಉಗ್ರರ ಗುಂಪು ಇಟಿಎ 800ಕ್ಕೂ ಜಾಸ್ತಿ ಜನರನ್ನು ಕೊಂದಿದೆ, ಇಟಲಿಯಲ್ಲಿ ಮಾಜಿ ಪ್ರಧಾನಿ ಆಲ್ಡೋ ಮೋರೋ ಅವರನ್ನೇ 1978ರಲ್ಲಿ ಎತ್ತಿಕೊಂಡು ಹೋಗಿ ಕೊಂದರು. 2005ರ ಜುಲೈ 7ರಂದು ಲಂಡನ್ನಿನಲ್ಲಿ 52 ಜನರನ್ನು ಕೊಂದ ನಾಲ್ವರಲ್ಲಿ ಮೂವರು ಬ್ರಿಟನ್ನಿನಲ್ಲೇ ಹುಟ್ಟಿದವರು. ಗಡಿಯಲ್ಲಿ ಎಂಥ ಪಟ್ಟಿ ಇಟ್ಟರೂ ಅವರನ್ನು ತಡೆಯಲು ಆಗುತ್ತಿರಲಿಲ್ಲ.

ಬ್ರಿಟನ್ ಕಠಿಣ ದಾರಿಯನ್ನೂ ಹಿಡಿದು ನೋಡಿತ್ತು. 1971ರ ಆಗಸ್ಟಿನಿಂದ ಉತ್ತರ ಐರ್ಲೆಂಡಿನಲ್ಲಿ ವಿಚಾರಣೆಯಿಲ್ಲದೆ ಜನರನ್ನು ಒಳಗೆ ಹಾಕಿದರು. ಹಿಂಸೆ ಕಡಿಮೆಯಾಗಲಿಲ್ಲ, ಬ್ರಿಟನ್ ವಿರುದ್ಧ ಬಂದೂಕು ಹಿಡಿದಿದ್ದ ಐಆರ್‌ಎ ಗುಂಪಿಗೆ ಸೇರುವ ಹುಡುಗರು ಜಾಸ್ತಿಯಾದರು, 1975ರಲ್ಲಿ ಆ ಪದ್ಧತಿ ಕೈಬಿಟ್ಟರು. ಬರ್ಮಿಂಗ್‌ಹ್ಯಾಂ ಪಬ್ ಬಾಂಬ್ ಪ್ರಕರಣದಲ್ಲಿ ಆರು ಜನ ಮಾಡದ ತಪ್ಪಿಗೆ 16 ವರ್ಷ ಜೈಲಿನಲ್ಲಿದ್ದು 1991ರಲ್ಲಿ ಹೊರಬಂದರು. 2002ರ ಜನವರಿಯಲ್ಲಿ ಅಮೆರಿಕ ಶಂಕಿತರನ್ನು ವಿಚಾರಣೆಯಿಲ್ಲದೆ ಕೂಡಿಹಾಕಿದ ಗ್ವಾಂಟನಾಮೋ ಜೈಲು ಶುರುವಾದಾಗ ಯುರೋಪಿನಲ್ಲಿ ಅಷ್ಟೊಂದು ಮಂದಿ ಮುಖ ಸಿಂಡರಿಸಿದ್ದಕ್ಕೆ ಇದೂ ಒಂದು ಕಾರಣ.

ಹಾಗಂತ ಆಗ ಅಮೆರಿಕದ ಕೈಬಿಟ್ಟರಾ? ಇಲ್ಲ. ಸೆಪ್ಟೆಂಬರ್ 11ರ ದಾಳಿಯ ಮರುದಿನವೇ ಅಮೆರಿಕ ಮತ್ತು ಯುರೋಪ್ ದೇಶಗಳ ಸೇನಾ ಕೂಟವಾದ ನೇಟೋ, ಒಬ್ಬ ಸದಸ್ಯನ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಅನ್ನುವ ತನ್ನ ಐದನೇ ವಿಧಿಯನ್ನು ಚರಿತ್ರೆಯಲ್ಲೇ ಮೊದಲ ಸಲ ಬಳಸಿತು. ಆ ಅಕ್ಟೋಬರಿನಿಂದ ಮುಂದಿನ ಮೇವರೆಗೆ ನೇಟೋ ವಿಮಾನಗಳು ಅಮೆರಿಕದ ಆಕಾಶವನ್ನೇ ಕಾದವು. ಜಗಳ ಶುರುವಾಗಿದ್ದು ಉಗ್ರರನ್ನು ಹಿಡಿಯುವ ರೀತಿಯ ಬಗ್ಗೆ.

ಹ್ಯಾಂಬರ್ಗ್‌ನ ಕಥೆ ಕೇಳಿ. ಅಪಹರಣಕಾರರ ಮುಖಂಡ ಮೊಹಮ್ಮದ್ ಅಟ್ಟಾ ಓದಿದ್ದು ಅಲ್ಲೇ. ಅವನ ಗೆಳೆಯರ ಗುಂಪಿನಲ್ಲಿದ್ದ ಮುನೀರ್ ಎಲ್ ಮೊತಸದೆಕ್‌ಗೆ ಜರ್ಮನ್ ಕೋರ್ಟು 2003ರಲ್ಲೇ 15 ವರ್ಷ ಶಿಕ್ಷೆ ಕೊಟ್ಟಿತು. ಆ ದಾಳಿಗೆ ಸಂಬಂಧಪಟ್ಟು ಇಡೀ ಜಗತ್ತಿನಲ್ಲಿ ಆದ ಮೊದಲ ಶಿಕ್ಷೆ ಅದು. ಆದರೆ ಮುಖ್ಯ ಸಾಕ್ಷಿಯಾಗಬಹುದಾಗಿದ್ದವನು ಅಮೆರಿಕದ ವಶದಲ್ಲಿದ್ದ, ಅಮೆರಿಕ ಅವನನ್ನು ಕಳಿಸಲಿಲ್ಲ. ಸಾಕ್ಷಿಯಿಲ್ಲದೆ ನ್ಯಾಯವಾದ ವಿಚಾರಣೆ ಆಗುವುದಿಲ್ಲ ಅಂತ ಮೇಲಿನ ಕೋರ್ಟು 2004ರಲ್ಲಿ ಶಿಕ್ಷೆಯನ್ನೇ ರದ್ದು ಮಾಡಿತು. ಅಮೆರಿಕದಲ್ಲಿ ಹಲವರು ಕೆಂಡವಾದರು. ಮತ್ತೆ ವಿಚಾರಣೆ, ಮತ್ತೆ ಮೇಲ್ಮನವಿ, ಕೊನೆಗೆ 2007ರ ಜನವರಿಯಲ್ಲಿ ಅದೇ 15 ವರ್ಷ. ಅವನು ಶಿಕ್ಷೆ ಅನುಭವಿಸಿದ, 2018ರಲ್ಲಿ ಮೊರಾಕ್ಕೋಗೆ ಗಡೀಪಾರಾದ. ಇತ್ತ ಇಡೀ ಸಂಚಿನ ಸೂತ್ರಧಾರ ಎನ್ನಲಾದ ಖಾಲಿದ್ ಶೇಖ್ ಮೊಹಮ್ಮದ್ 2003ರ ಮಾರ್ಚಿನಲ್ಲಿ ಸಿಕ್ಕಿಬಿದ್ದ. 2006ರಿಂದ ಗ್ವಾಂಟನಾಮೋದಲ್ಲಿದ್ದಾನೆ, ತೀರ್ಪು ಇನ್ನೂ ಬಂದಿಲ್ಲ. ಮೆತ್ತಗಿನವರು ಯಾರು ಅಂತ ಕೇಳಿದವರಿಗೆ ನಾನು ಈ ಎರಡು ಕೇಸುಗಳನ್ನು ಹೇಳಿ ಸುಮ್ಮನಾಗುತ್ತೇನೆ.

ಅಪಹರಣವಾದ ವಿಮಾನವನ್ನು ಹೊಡೆದುರುಳಿಸುವ ವಿಚಾರದಲ್ಲೂ ಹೀಗೇ. ಸೆಪ್ಟೆಂಬರ್ 11ರ ಬೆಳಿಗ್ಗೆ ಅಮೆರಿಕದ ಉಪಾಧ್ಯಕ್ಷ ಡಿಕ್ ಚೇನಿ ಅದಕ್ಕೆ ಅನುಮತಿ ಕೊಟ್ಟರು. ಜರ್ಮನಿ ಇದನ್ನೇ ಕಾನೂನು ಮಾಡಿದಾಗ 2006ರ ಫೆಬ್ರವರಿಯಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಅದನ್ನು ಹೊಡೆದುಹಾಕಿತು. ಒಳಗಿರುವ ಪ್ರಯಾಣಿಕರು ಹೇಗೂ ಸಾಯುವವರು ಅಂತ ಲೆಕ್ಕ ಹಾಕಿ ಸರ್ಕಾರವೇ ಅವರನ್ನು ಕೊಲ್ಲುವಂತಿಲ್ಲ ಅನ್ನುವುದು ಅದರ ತೀರ್ಪಿನ ತಿರುಳು. ಇದು ಸರಿಯೋ ತಪ್ಪೋ, ನನಗೂ ಪೂರ್ತಿ ತೀರ್ಮಾನಕ್ಕೆ ಬರಲಾಗಿಲ್ಲ.

ಈಗ ನನ್ನ ಹೊಟ್ಟೆಪಾಡಿನ ವಿಷಯಕ್ಕೆ ಬರುತ್ತೇನೆ. 2001ರ ನವೆಂಬರಿನಲ್ಲಿ ಅಮೆರಿಕ ಕಾನೂನು ತಂದು, ತನ್ನಲ್ಲಿಗೆ ಬರುವ ಪ್ರತಿ ವಿಮಾನದ ಪಿಎನ್‌ಆರ್ ಬೇಕು ಅಂತ ಹೇಳಿತು. ಕೊಡದಿದ್ದರೆ ದಂಡ, ಇಳಿಯುವ ಹಕ್ಕಿಗೂ ಕುತ್ತು. ಕೊಟ್ಟರೆ ಯುರೋಪಿನ 1995ರ ಮಾಹಿತಿ ರಕ್ಷಣಾ ನಿಯಮ ಮುರಿದಂತೆ. ಕಂಪನಿಗಳು ನಡುವೆ ಸಿಕ್ಕಿಕೊಂಡವು. ಅದಕ್ಕಿಂತ ಕಿರಿಕಿರಿಯ ವಿಷಯ ಅಂದರೆ ಮೊದಮೊದಲು ಅಮೆರಿಕದ ಅಧಿಕಾರಿಗಳು ಕಂಪನಿಯ ಬುಕಿಂಗ್ ವ್ಯವಸ್ಥೆಯೊಳಗೆ ತಾವೇ ಬಂದು ಬೇಕಾದ್ದನ್ನು ಎಳೆದುಕೊಳ್ಳುತ್ತಿದ್ದರು. ನಮ್ಮ ಕಸುಬಿನಲ್ಲಿ ಇದಕ್ಕೆ ‘ಪುಲ್’ ಅಂತೀವಿ. ಕಂಪನಿಯೇ ಗೊತ್ತುಪಡಿಸಿದ ವಿವರಗಳನ್ನಷ್ಟೇ ಆರಿಸಿ ಕಳಿಸಿದರೆ ಅದು ‘ಪುಶ್’. ಕೇಳಲು ಸಣ್ಣ ತಾಂತ್ರಿಕ ವಿಷಯ, ಆದರೆ ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದು ಇದರಲ್ಲೇ ನಿರ್ಧಾರವಾಗುತ್ತದೆ, ಯುರೋಪ್ ಪಟ್ಟು ಹಿಡಿದದ್ದೂ ಪುಶ್‌ಗಾಗಿಯೇ.

2004ರಲ್ಲಿ 34 ವಿವರಗಳಿಗೆ ಒಪ್ಪಂದವಾಯಿತು. 2006ರ ಮೇ 30ರಂದು ಯುರೋಪಿನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಖಾಸಗಿತನ ಗೆದ್ದಿತು ಅಂತ ಆಗ ತುಂಬಾ ಜನ ಕುಣಿದರು, ಆದರೆ ನ್ಯಾಯಾಲಯ ಖಾಸಗಿತನದ ಪ್ರಶ್ನೆಯನ್ನು ಮುಟ್ಟಲೇ ಇಲ್ಲ, ಒಪ್ಪಂದಕ್ಕೆ ಕೊಟ್ಟ ಕಾನೂನಿನ ಆಧಾರ ಸರಿಯಿಲ್ಲ ಅಂತಷ್ಟೇ ಹೇಳಿತು. 2007ರ ಒಪ್ಪಂದದಲ್ಲಿ 34 ಇದ್ದದ್ದು 19 ಆಯಿತು. ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಎಷ್ಟೋ ಕಡೆ ಹಳೆಯ ಸಾಲುಗಳನ್ನೇ ಒಟ್ಟಿಗೆ ಸೇರಿಸಿದ್ದಾರೆ! 2012ರ ಒಪ್ಪಂದದ ಪ್ರಕಾರ ಭಯೋತ್ಪಾದನೆಗೆ ಸಂಬಂಧಿಸಿ ಮಾಹಿತಿಯನ್ನು 15 ವರ್ಷದವರೆಗೆ ಇಟ್ಟುಕೊಳ್ಳಬಹುದು, ಆರು ತಿಂಗಳಾದ ಮೇಲೆ ಹೆಸರನ್ನು ಮರೆಮಾಡಬೇಕು. ಊಟದ ಕೋಡಿನಂಥ, ಧರ್ಮ ಗೊತ್ತಾಗುವ ವಿವರವನ್ನು ಮುಚ್ಚಿಡಬೇಕು, ಜೀವಕ್ಕೆ ಅಪಾಯ ಇರುವಂಥ ಸಂದರ್ಭದಲ್ಲಿ ಮಾತ್ರ ತೆರೆಯಬಹುದು. ಅಂದರೆ ಅಮೆರಿಕ ಬಾಗಿಲನ್ನು ಪೂರ್ತಿ ಹಾಕಲಿಲ್ಲ.

ಇಷ್ಟೆಲ್ಲ ಆದಮೇಲೆ ಯುರೋಪ್ ತಾನೇ ಬದಲಾಯಿತು. ತನ್ನದೇ ಪಿಎನ್‌ಆರ್ ಕಾನೂನು ಬೇಡ ಅಂತ ಯುರೋಪಿನ ಸಂಸತ್ತಿನ ಸಮಿತಿ 2013ರಲ್ಲಿ ತಳ್ಳಿಹಾಕಿತ್ತು. ಉಗ್ರರ ದಾಳಿಗೆ 2015ರ ನವೆಂಬರ್ 13ರಂದು ಪ್ಯಾರಿಸ್‌ನಲ್ಲಿ 130 ಜನ, ಮುಂದಿನ ಮಾರ್ಚಿನಲ್ಲಿ ಬ್ರಸೆಲ್ಸ್‌ನಲ್ಲಿ 32 ಜನ ಸತ್ತರು. 2016ರ ಏಪ್ರಿಲ್‌ನಲ್ಲಿ ಅದೇ ಸಂಸತ್ತು ಆ ಕಾನೂನಿಗೆ ಒಪ್ಪಿಗೆ ಕೊಟ್ಟಿತು. ‘ಫ್ರಾನ್ಸ್ ಯುದ್ಧದಲ್ಲಿದೆ’ ಅಂತ ಆಗಿನ ಅಧ್ಯಕ್ಷ ಒಲಾಂದ್ ಹೇಳಿದ್ದು ಪ್ಯಾರಿಸ್ ದಾಳಿಯ ಬೆನ್ನಲ್ಲೇ, ಥೇಟ್ ಬುಷ್ ಮಾತು. ಆದರೂ ಫ್ರಾನ್ಸ್ ನೇಟೋದ ಬಾಗಿಲು ತಟ್ಟಲಿಲ್ಲ, ಯುರೋಪ್ ಒಕ್ಕೂಟದ ಒಪ್ಪಂದದಲ್ಲಿರುವ ಪರಸ್ಪರ ನೆರವಿನ ಕಲಮನ್ನು ಮೊದಲ ಬಾರಿಗೆ ಬಳಸಿತು. ತುರ್ತು ಪರಿಸ್ಥಿತಿ ಎರಡು ವರ್ಷ ನಡೆಯಿತು.

ಹಾಗಾದರೆ ಈಗ ಇಬ್ಬರೂ ಒಂದೇ ಅಲ್ವಾ ಅಂತ ಕೇಳಬಹುದು. ಮಾಹಿತಿ ಕೂಡಿಹಾಕುವುದರಲ್ಲಿ ಹೌದು, ಹತ್ತಿರ ಹತ್ತಿರ ಬಂದಿದ್ದಾರೆ. ವ್ಯತ್ಯಾಸ ಉಳಿದಿರುವುದು ಬೇಡ ಅನ್ನುವ ಅಧಿಕಾರದಲ್ಲಿ. 2022ರ ಜೂನ್ 21ರಂದು ಯುರೋಪಿನ ನ್ಯಾಯಾಲಯ ಯುರೋಪಿನ ಆ ಪಿಎನ್‌ಆರ್ ಕಾನೂನನ್ನು ಉಳಿಸಿತು, ಆದರೆ ಅದರ ಕೈಕಾಲು ಕಟ್ಟಿತು. ಯಾವ ಅನುಮಾನವೂ ಇಲ್ಲದ ಪ್ರಯಾಣಿಕರ ಮಾಹಿತಿಯನ್ನು ಐದು ವರ್ಷ ಇಡುವಂತಿಲ್ಲ. ಒಕ್ಕೂಟದ ಒಳಗೇ ಹಾರುವ ವಿಮಾನಗಳ ಎಲ್ಲ ವಿವರ ಬೇಕಿದ್ದರೆ ಉಗ್ರರ ನಿಜವಾದ, ಸದ್ಯದ ಇಲ್ಲವೇ ಮುಂಗಾಣಬಹುದಾದ ಬೆದರಿಕೆ ಇರಬೇಕು. ತಾನಾಗಿಯೇ ಕಲಿಯುತ್ತಾ ನಿಯಮ ಬದಲಿಸಿಕೊಳ್ಳುವ ಕೃತಕ ಬುದ್ಧಿಮತ್ತೆಯಿಂದ ಪ್ರಯಾಣಿಕರನ್ನು ಜರಡಿ ಹಿಡಿಯುವಂತಿಲ್ಲ. ಧರ್ಮ ತೋರಿಸುವ ವಿವರ ಬಂದರೆ ಅಳಿಸಬೇಕು ಅಂತ ಕಾನೂನಿನಲ್ಲೇ ಇದೆ.

ಇದರಲ್ಲಿ ನಮಗೇನು? ಅಮೆರಿಕದ 1974ರ ಖಾಸಗಿತನ ಕಾಯ್ದೆಯ ರಕ್ಷಣೆ ಅಲ್ಲಿನ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ. ಯುರೋಪ್ ಒತ್ತಡ ಹಾಕಿ 2016ರಲ್ಲಿ ತನ್ನವರಿಗೂ ಕೋರ್ಟಿಗೆ ಹೋಗುವ ಹಕ್ಕನ್ನು ಒಂದಷ್ಟು ಕೊಡಿಸಿಕೊಂಡಿತು. ಆ ಹಕ್ಕು ಸಿಕ್ಕ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ನಮ್ಮ ಕಡೆ ಅಡ್ಡಹೆಸರಿಲ್ಲದೆ ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರು ಬಹಳ, ಅವರ ಅಮೆರಿಕ ವೀಸಾದಲ್ಲಿ ‘ಎಫ್‌ಎನ್‌ಯು’ ಅಂತ ಬರುತ್ತದೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಟಿಕೆಟ್ಟಿನಲ್ಲಿ ಒಂದು ಥರ, ವೀಸಾದಲ್ಲಿ ಇನ್ನೊಂದು ಥರ ಹೆಸರಿದ್ದರೆ ಯಂತ್ರ ತಡವರಿಸುತ್ತದೆ. 2004ರಲ್ಲಿ ಸೆನೆಟರ್ ಟೆಡ್ ಕೆನಡಿ ಅವರನ್ನೇ ಶಂಕಿತರ ಪಟ್ಟಿಯಲ್ಲಿದ್ದ ಯಾವುದೋ ಹೆಸರಿಗೆ ಹೋಲುತ್ತದೆ ಅಂತ ಮತ್ತೆ ಮತ್ತೆ ತಡೆದಿದ್ದರು. ಅವರು ಗೃಹಭದ್ರತಾ ಇಲಾಖೆಯ ಮುಖ್ಯಸ್ಥರಿಗೆ ಫೋನ್ ಮಾಡಿ ಸರಿಮಾಡಿಸಿಕೊಂಡರು. ನಿಮಗೆ ಆ ಫೋನ್ ನಂಬರ್ ಸಿಗುವುದಿಲ್ಲ, ಹಾಗಾಗಿ ಟಿಕೆಟ್ ಮಾಡಿಸುವಾಗಲೇ ವೀಸಾ ಎದುರಿಗಿಟ್ಟುಕೊಂಡು ಹೆಸರು ತುಂಬಿ.

ನಮ್ಮ ಸರ್ಕಾರವೂ 2022ರ ಆಗಸ್ಟಿನಲ್ಲಿ ಪಿಎನ್‌ಆರ್ ನಿಯಮ ತಂದಿದೆ. ವಿಮಾನ ಹೊರಡುವ 24 ಗಂಟೆ ಮೊದಲು ವಿವರ ಕಸ್ಟಮ್ಸ್‌ಗೆ ಹೋಗಬೇಕು, ಐದು ವರ್ಷ ಇಟ್ಟುಕೊಳ್ಳಬಹುದು. ಐದು ವರ್ಷ ಅನ್ನುವುದು ಯುರೋಪಿನ ಕಾನೂನಿನಲ್ಲಿದ್ದ ಅಂಕಿಯೇ. ಆದರೆ ಅಲ್ಲಿನ ನ್ಯಾಯಾಲಯ ನಮ್ಮ ನಿಯಮ ಬರುವುದಕ್ಕೆ ಸುಮಾರು ಎರಡು ತಿಂಗಳ ಮೊದಲಷ್ಟೇ ಆ ಐದು ವರ್ಷಕ್ಕೆ ಕತ್ತರಿ ಹಾಕಿತ್ತು.