ಅರ್ಧ, ಕಾಲು, ಅರೆಕಾಲು

ಒಂದು ಹಳೆಯ ಕಪ್ಪುಬಿಳುಪು ಫೋಟೋ. ಅಜ್ಜಿ, ಮಗಳು, ಮೊಮ್ಮಗ. ಒಬ್ಬರಿಗಿಂತ ಒಬ್ಬರ ಮೈಬಣ್ಣ ತಿಳಿ. ಕೆಳಗೆ ಬರೆದಿರುವುದು ಅರ್ಧ ರಕ್ತ, ಕಾಲು ರಕ್ತ, ಅರೆಕಾಲು ರಕ್ತ ಎಂಬ ಲೆಕ್ಕ. 1947ರಲ್ಲಿ ಇದನ್ನು ತನ್ನ ಪುಸ್ತಕದಲ್ಲಿ ಅಚ್ಚು ಹಾಕಿಸಿದವನು ಎ. ಒ. ನೆವಿಲ್. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1915ರಿಂದ 1940ರವರೆಗೆ ಮೂಲನಿವಾಸಿಗಳ ಇಲಾಖೆಯ ಮುಖ್ಯಸ್ಥನಾಗಿದ್ದವನು. ಅಲ್ಲಿನ 1905ರ ಕಾನೂನಿನಂತೆ, 16 ವರ್ಷ ತುಂಬುವವರೆಗೆ ಮೂಲನಿವಾಸಿ ಮಕ್ಕಳಿಗೆಲ್ಲ ಆ ಹುದ್ದೆಯಲ್ಲಿರುವವನೇ ಪೋಷಕ. ಹೆತ್ತ ತಾಯಿ ಎದುರಿಗೇ ಇದ್ದರೂ ಸರಿ.

ಆಸ್ಟ್ರೇಲಿಯಾದಲ್ಲಿ ಸುಮಾರು 1910ರಿಂದ 1970ರವರೆಗೆ ಹೀಗೆ ಮೂಲನಿವಾಸಿ ಮಕ್ಕಳನ್ನು ಮನೆಯವರಿಂದ ಕಿತ್ತುಕೊಂಡು ಹೋದರು. 1997ರ ವಿಚಾರಣಾ ವರದಿಯ ಅಂದಾಜಿನಂತೆ, ಹತ್ತರಲ್ಲಿ ಒಂದು ಮಗುವಿನಿಂದ ಹಿಡಿದು ಮೂರರಲ್ಲಿ ಒಂದು ಮಗುವಿನವರೆಗೆ. ಅಧಿಕಾರಿಗಳ ಕಣ್ಣು ಜಾಸ್ತಿ ಬಿದ್ದಿದ್ದು ತಿಳಿಬಣ್ಣದ ಮಕ್ಕಳ ಮೇಲೆ. ಇವರು ಬಿಳಿಯರನ್ನು ಮದುವೆಯಾಗುತ್ತಾ ಹೋದರೆ ಕೆಲವು ತಲೆಮಾರಿನಲ್ಲಿ ಕಪ್ಪು ಅಳಿಸಿಹೋಗುತ್ತದೆ, ಮತ್ತೆ ತಿರುಗಿ ಬರುವುದೂ ಇಲ್ಲ ಎಂದು ನೆವಿಲ್ ನಂಬಿದ್ದ. ಉತ್ತರ ಪ್ರಾಂತ್ಯದಲ್ಲಿ ಅಂಥದೇ ಹುದ್ದೆಯಲ್ಲಿದ್ದ ಸೆಸಿಲ್ ಕುಕ್ ಕೂಡ ಹಾಗೇ ನಂಬಿದ್ದ. ಅವನು ಓದಿದ ಡಾಕ್ಟರು! ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳು ಇದ್ದರು ಅನ್ನುವುದೇ ಮರೆತುಹೋಗುವಂತೆ ಮಾಡೋಣವೇ ಎಂದು 1937ರ ಕ್ಯಾನ್ಬೆರಾ ಸಮ್ಮೇಳನದಲ್ಲಿ ನೆವಿಲ್ ಬಾಯಿಬಿಟ್ಟೇ ಕೇಳಿದ.

ಈ ಲೆಕ್ಕದ ಬುಡದಲ್ಲಿರುವ ನಂಬಿಕೆ ನಮಗೂ ಹೊಸದಲ್ಲ. ‘ಅದು ಅವರ ರಕ್ತದಲ್ಲೇ ಬಂದಿದೆ’ ಅಂತ ನಾವೂ ಹೇಳುತ್ತೇವೆ, ಅಲ್ವಾ? ರಕ್ತ ಅಂದರೆ ಮಜ್ಜಿಗೆ ಇದ್ದ ಹಾಗೆ, ನೀರು ಬೆರೆಸಿದಷ್ಟೂ ತೆಳ್ಳಗಾಗುತ್ತದೆ ಎಂಬ ಭಾವನೆ ಅದು. ಡಾರ್ವಿನ್ ಕಾಲದಲ್ಲಿ ಪಂಡಿತರೂ ಹೀಗೇ ತಿಳಿದಿದ್ದರು. 1867ರಲ್ಲಿ ಫ್ಲೆಮಿಂಗ್ ಜೆಂಕಿನ್ ಎಂಬ ಎಂಜಿನಿಯರು ಡಾರ್ವಿನ್ನನ ಮೇಲೆ ಒಂದು ವಾದ ಹೂಡಿದ. ಕಪ್ಪು ಜನರ ದ್ವೀಪಕ್ಕೆ ಹಡಗು ಒಡೆದು ಒಬ್ಬ ಬಿಳಿಯ ಬಂದು ಸೇರಿದ ಅಂತಿಟ್ಟುಕೊಳ್ಳಿ, ಅವನ ಗುಣ ತಲೆಮಾರಿನಿಂದ ತಲೆಮಾರಿಗೆ ಕರಗಿ ಹೋಗುತ್ತದೆ, ದ್ವೀಪವೇನೂ ಬೆಳ್ಳಗಾಗುವುದಿಲ್ಲ ಅಂದ. ನೆವಿಲ್ ಮಾಡಲು ಹೊರಟಿದ್ದು ಇದೇ ಕಥೆಯನ್ನು ತಿರುವುಮುರುವಾಗಿ.

ಆದರೆ ಜೆಂಕಿನ್ ಹಾಗೆ ಬರೆಯುವ ಹೊತ್ತಿಗಾಗಲೇ ಮೆಂಡೆಲ್ ಬಟಾಣಿ ಗಿಡಗಳನ್ನು ಬೆಳೆದು ಇದಕ್ಕೆ ಉತ್ತರ ಕಂಡುಕೊಂಡಿದ್ದ. ಅವನ ಲೇಖನ ಅಚ್ಚಾಗಿದ್ದು 1866ರಲ್ಲಿ, ಜಗತ್ತು ಕಣ್ಣುಬಿಟ್ಟು ನೋಡಿದ್ದು 1900ರಲ್ಲಿ. ಜೀನ್‌ಗಳು ಮಜ್ಜಿಗೆಯಲ್ಲ, ಕಾಳು. ಅವರೆಕಾಳಿಗೆ ಹುರುಳಿ ಬೆರೆಸಿ ಎಷ್ಟು ಕಲಕಿದರೂ ಅವರೆ ಅವರೆಯಾಗಿಯೇ ಉಳಿಯುತ್ತದೆ. ಮಗುವಿಗೆ ಅಪ್ಪನಿಂದ ಒಂದು ಹಿಡಿ, ಅಮ್ಮನಿಂದ ಒಂದು ಹಿಡಿ. ಆ ಹಿಡಿಯಲ್ಲಿ ಯಾವ ಕಾಳು ಬಂತು ಅನ್ನುವುದು ಕವಡೆ ಎಸೆದ ಹಾಗೆ. ಅಪ್ಪ ಅಮ್ಮನಿಂದ ಅರ್ಧರ್ಧ ಬರುವುದು ಖಂಡಿತ. ಅಜ್ಜಿಯಿಂದ ಸರಿಯಾಗಿ ಕಾಲು ಭಾಗವೇ ಬರುತ್ತದೆ ಎಂಬ ಗ್ಯಾರಂಟಿ ಇಲ್ಲ, ಕವಡೆ ಬಿದ್ದಂತೆ ಹೆಚ್ಚುಕಡಿಮೆ ಆಗುತ್ತದೆ. ಮೈಬಣ್ಣಕ್ಕೂ ಒಂದೇ ಕಾಳು ಕಾರಣವಲ್ಲ, ಬಹಳಷ್ಟು ಜೀನ್‌ಗಳು ಸೇರುತ್ತವೆ. ಅದಕ್ಕೇ ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬಳು ಎಣ್ಣೆಗೆಂಪು, ಇನ್ನೊಬ್ಬ ಬಿಳಿ.

ನೆವಿಲ್‌ನ ಫೋಟೋದಲ್ಲಿ ಬಣ್ಣ ತಿಳಿಯಾಗಿದ್ದು ನಿಜ ತಾನೇ? ನಿಜ. ಅದರಿಂದ ಗೊತ್ತಾಗುವುದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಷ್ಟಿದೆ ಅನ್ನುವುದಷ್ಟೇ. ಹುಡುಗ ಯಾರ ಮೊಮ್ಮಗ, ಯಾವ ಮಾತಿಗೆ ತಿರುಗಿ ನೋಡುತ್ತಾನೆ, ಯಾವ ನೆಲವನ್ನು ತನ್ನದು ಅನ್ನುತ್ತಾನೆ ಅನ್ನುವುದು ಮೆಲನಿನ್‌ನಲ್ಲಿ ಬರೆದಿರುವುದಿಲ್ಲ. ಇದು ಆ ಅಧಿಕಾರಿಗಳಿಗೂ ಒಳಗೊಳಗೆ ಗೊತ್ತಿತ್ತು ಅನ್ನುವುದು ನನ್ನ ಅನಿಸಿಕೆ. ರಕ್ತವೇ ಎಲ್ಲವನ್ನೂ ಮಾಡುತ್ತದೆ ಅಂತಾಗಿದ್ದರೆ ಮಗುವನ್ನು ಅಮ್ಮನ ಮಡಿಲಿನಿಂದ ಎಳೆದುಕೊಂಡು ಹೋಗಬೇಕಿತ್ತೇಕೆ? ತಾಯ್ನುಡಿ ಆಡಿದ್ದಕ್ಕೆ ಶಿಕ್ಷೆ ಏಕೆ? ನ್ಯೂ ಸೌತ್ ವೇಲ್ಸ್‌ನ ಕಿಂಚೆಲಾ ಹುಡುಗರ ನಿಲಯದಲ್ಲಿ ಮಕ್ಕಳನ್ನು ಹೆಸರು ಬಿಟ್ಟು ನಂಬರ್ ಹಿಡಿದು ಕರೆಯಬೇಕಿತ್ತೇಕೆ? ಮೂಲನಿವಾಸಿಯಾಗಿ ಬೆಳೆಯುವುದು ಅಮ್ಮನ, ಅಜ್ಜಿಯ ಜೊತೆ ಇದ್ದು ಎಂದು ತಿಳಿದೇ ಆ ದಾರಿಯನ್ನು ಕಡಿದರು.

1933ರಲ್ಲಿ ಪರ್ತ್‌ನಲ್ಲಿ ಶುರುವಾದ ಸಿಸ್ಟರ್ ಕೇಟ್ಸ್ ಎಂಬ ನಿಲಯಕ್ಕೆ ಬೆಳ್ಳಗಿನ ಮಕ್ಕಳನ್ನೇ ಆರಿಸಿ ಕಳಿಸುತ್ತಿದ್ದರು. ಅಂದರೆ ಕವಡೆ ಹೇಗೆ ಬಿತ್ತು ಎಂದು ನೋಡಿ ಮಗುವಿನ ಬದುಕನ್ನು ತೀರ್ಮಾನಿಸುತ್ತಿದ್ದರು. ಪೊಲೀಸರು ಬರುತ್ತಾರೆ ಎಂದು ಕೆಲವು ಮನೆಗಳಲ್ಲಿ ಇದ್ದಿಲು ಪುಡಿ ಮಾಡಿ, ಕೊಬ್ಬಿನಲ್ಲಿ ಕಲಸಿ ಮಕ್ಕಳ ಮೈಗೆ ಹಚ್ಚುತ್ತಿದ್ದರು. ದೂರದಿಂದ ಎಲ್ಲ ಮಕ್ಕಳೂ ಕಪ್ಪಗೆ ಕಾಣಲಿ ಅಂತ. 1997ರ ವರದಿಯಲ್ಲಿ ಇದನ್ನು ಓದಿದಾಗ ನನಗೆ ಮುಂದಕ್ಕೆ ಓದಲಾಗಲಿಲ್ಲ.

2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಅದಕ್ಕೂ ಮೊದಲೇ, 1980ರ ದಶಕದಲ್ಲಿ, ಅಲ್ಲಿನ ಸರ್ಕಾರವೂ ದೇಶದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟೂ ಮೂಲನಿವಾಸಿ ಯಾರು ಎಂದು ತಿಳಿಯಲು ಹಳೆಯ ಭಿನ್ನರಾಶಿ ಬಿಟ್ಟು ಬೇರೆ ಮೂರು ಪ್ರಶ್ನೆ ಕೇಳತೊಡಗಿದ್ದವು. ಮೂಲನಿವಾಸಿಗಳ ವಂಶದವರೇ? ನೀವು ಹಾಗೆ ಗುರುತಿಸಿಕೊಳ್ಳುತ್ತೀರಾ? ನಿಮ್ಮ ಸಮುದಾಯ ನಿಮ್ಮನ್ನು ತನ್ನವರು ಅನ್ನುತ್ತದೆಯೇ? ಚಿಕ್ಕಂದಿನಲ್ಲೇ ಒಯ್ದು ಬೇರೆ ಕಡೆ ಬೆಳೆಸಿದವರಿಗೆ ಈ ಮೂರನೆಯದಕ್ಕೆ ಉತ್ತರ ಹುಡುಕುವುದೇ ಎಲ್ಲಕ್ಕಿಂತ ಕಷ್ಟ.