ರಾತ್ರಿ ಕೈ ಜೋಮು ಹಿಡಿಯುವುದು ನನಗೊಬ್ಬಳಿಗೇನಾ?

ಪ್ರಶ್ನೆ: ನಾನು ಶಂಕರಪುರದವಳು, ವಯಸ್ಸು 48. ದಿನಾ ಬೆಳಿಗ್ಗೆ ಮಲ್ಲಿಗೆ ಕಟ್ಟುತ್ತೇನೆ. ಎರಡು ತಿಂಗಳಿಂದ ನಡುರಾತ್ರಿ ಬಲಗೈ ಜೋಮು ಹಿಡಿದು ಎಚ್ಚರ ಆಗ್ತದೆ. ಡಾಕ್ಟ್ರು ‘ಕಾರ್ಪಲ್ ಟನಲ್ ಇರಬಹುದು’ ಎಂದರು. ಇದು ಅಪರೂಪದ ಕಾಯಿಲೆಯಾ?

ಉತ್ತರ: ಅಪರೂಪ ಅಲ್ಲವೇ ಅಲ್ಲ. ಕಾರ್ಪಲ್ ಟನಲ್ ಅಂದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವುದು. ನರ ಒತ್ತಿಕೊಂಡು ಕೈಗೆ ಬರುವ ತೊಂದರೆಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವುದು ಇದೇ.

ನೂರರಲ್ಲಿ ಎಷ್ಟು ಜನಕ್ಕೆ ಅಂದರೆ, ಅದು ಲೆಕ್ಕ ಹಾಕುವ ರೀತಿಯ ಮೇಲೆ ಉಂಟು. ದಕ್ಷಿಣ ಸ್ವೀಡನ್‌ನಲ್ಲಿ 25ರಿಂದ 74 ವರ್ಷದವರನ್ನು ಕೇಳಿ ನೋಡಿದ ಒಂದು ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಕೈಯಲ್ಲಿ ಜೋಮು, ಉರಿ, ನೋವು ಇದೆ ಎಂದವರು ನೂರಕ್ಕೆ ಸುಮಾರು 14 ಮಂದಿ. ಡಾಕ್ಟರು ಕೈ ಹಿಡಿದು ನೋಡಿ ಹೌದು ಎಂದದ್ದು ಸುಮಾರು 4 ಮಂದಿಗೆ. ನರದ ಪರೀಕ್ಷೆಯಲ್ಲೂ ಖಚಿತವಾದವರು 3 ಮಂದಿಯ ಹತ್ತಿರ. ಅಂದರೆ ಜೋಮು ಹಿಡಿದ ಕೈಯೆಲ್ಲ ಕಾರ್ಪಲ್ ಟನಲ್ ಅಲ್ಲ. ಆದರೆ ನೂರು ಜನ ಸೇರಿದ ಮದುವೆಮನೆಯಲ್ಲಿ ಮೂರ್ನಾಲ್ಕು ಜನ ಅಂದರೆ ಕಡಿಮೆಯಾ, ಹೇಳಿ?

ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ, ಅದರಲ್ಲೂ ನಿಮ್ಮ ವಯಸ್ಸಿನ ಆಚೀಚೆ. ಸಕ್ಕರೆ ಕಾಯಿಲೆ, ಥೈರಾಯ್ಡ್, ಬೊಜ್ಜು, ಬಸಿರು ಇದ್ದಾಗಲೂ ಬರುತ್ತದೆ.

ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಿನ ದಾರಿ ಇದೆ. ಬೆರಳು ಮಡಚುವ 9 ಸ್ನಾಯುಹುರಿಗಳ ಜೊತೆ ಒಂದು ನರವೂ ಅದರೊಳಗೇ ಹೋಗಬೇಕು. ಒಳಗೆ ಸ್ವಲ್ಪ ಬಾತರೂ ಸಿಕ್ಕಿಬೀಳುವುದು ಆ ನರ. ನಿದ್ದೆಯಲ್ಲಿ ಕೈ ಮಡಚಿ ಮಲಗುತ್ತೇವೆ ಅಲ್ವಾ, ಆಗ ಒತ್ತಡ ಇನ್ನೂ ಏರುತ್ತದೆ. ಮುಂದಿನ ಸಲ ಎಚ್ಚರವಾದಾಗ ಕಿರುಬೆರಳನ್ನು ಗಮನಿಸಿ. ಹೆಬ್ಬೆರಳಿಂದ ಉಂಗುರ ಬೆರಳಿನ ತನಕ ಜುಮ್ಮೆಂದು, ಕಿರುಬೆರಳು ಮಾತ್ರ ಸರಿ ಇದ್ದರೆ ಡಾಕ್ಟರ ಅನುಮಾನಕ್ಕೆ ಬಲ ಬಂತು. ಕಿರುಬೆರಳಿಗೆ ಬೇರೆ ನರ.

ಬಾಳೆನಾರು ಸುತ್ತಿ ಒಂದು ಚೆಂಡು ಮಲ್ಲಿಗೆ ಕಟ್ಟಿ ಮುಗಿಯುವಾಗ 800 ಹೂ ನಿಮ್ಮ ಬೆರಳು ದಾಟಿರುತ್ತದೆ. ಕಾರಣ ಅದೊಂದೇ ಎನ್ನಲಾರೆ. ಆದರೆ ಮಣಿಕಟ್ಟು ಬಗ್ಗಿಸಿ ಒಂದೇ ಕೆಲಸವನ್ನು ಒತ್ತಿ ಒತ್ತಿ ಮಾಡುವ ಕೈಗೆ ಅಪಾಯ ಜಾಸ್ತಿ. ಅರ್ಧ ಚೆಂಡಿಗೊಮ್ಮೆ ಕೈ ಬಿಟ್ಟು ಎದ್ದು ಬನ್ನಿ.

ನನ್ನ ದೊಡ್ಡಮ್ಮ ಬೀಡಿ ಕಟ್ಟುತ್ತಿದ್ದರು. ರಾತ್ರಿ ಚಾಪೆಯಲ್ಲಿ ಎದ್ದು ಕೂತು, ಥರ್ಮಾಮೀಟರ್ ಕೊಡವಿದ ಹಾಗೆ ಕೈ ಕೊಡವುತ್ತಿದ್ದರು. ‘ವಾಯು’ ಅಂತ ಎಣ್ಣೆ ತಿಕ್ಕಿಕೊಂಡೇ ವರ್ಷಗಳು ಹೋದವು. ಕೊನೆಗೆ ಹೆಬ್ಬೆರಳಿನ ಬುಡದ ಮಾಂಸ ಬತ್ತಿ, ಸೀರೆಗೆ ಪಿನ್ನು ಹಾಕಲೂ ಬೇರೆಯವರು ಬೇಕಾಯಿತು. ಇವತ್ತಿಗೂ ನನಗೆ ಅದು ಹೊಟ್ಟೆ ಉರಿಯುವ ವಿಷಯ.

ನಿಮ್ಮದಿನ್ನೂ ಎರಡು ತಿಂಗಳು. ಮಣಿಕಟ್ಟು ನೇರ ಇಡುವ ಪಟ್ಟಿಯನ್ನು ರಾತ್ರಿ ಕಟ್ಟಿ ಮಲಗಿದರೆ ಎಷ್ಟೋ ಜನಕ್ಕೆ ಕೆಲವೇ ವಾರದಲ್ಲಿ ಹಗುರಾಗುತ್ತದೆ. ಸಕ್ಕರೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಕಡಿಮೆಯಾಗದಿದ್ದರೆ ಇಂಜೆಕ್ಷನ್ ಇದೆ, ಕೈಯಷ್ಟೇ ಮರಗಟ್ಟಿಸಿ ಮಾಡುವ ಸಣ್ಣ ಆಪರೇಷನ್ನೂ ಇದೆ. ಎರಡೂ ಅಂಗೈ ಪಕ್ಕಪಕ್ಕ ಹಿಡಿದು ನೋಡಿ. ಬಲಗೈ ಹೆಬ್ಬೆರಳಿನ ಬುಡ ತೆಳ್ಳಗೆ ಕಂಡರೆ, ಅಥವಾ ಲೋಟ ಕೈಜಾರುತ್ತಿದ್ದರೆ, ಪಟ್ಟಿ ಕಟ್ಟಿ ಕಾಯುತ್ತಾ ಕೂರಬೇಡಿ. ಈ ವಾರವೇ ಡಾಕ್ಟರ ಹತ್ತಿರ ಹೋಗಿ.