ಕಾಣದ ಹುಲಿಯ ಲೆಕ್ಕ

2023ರ ಏಪ್ರಿಲ್ 9ರಂದು ಮೈಸೂರಿನಲ್ಲಿ ಹುಲಿ ಯೋಜನೆಯ ಐವತ್ತನೇ ವರ್ಷದ ಸಮಾರಂಭ ನಡೆಯಿತು. ದೇಶದಲ್ಲಿ 3,167 ಹುಲಿಗಳಿವೆ ಎಂದು ಅಲ್ಲಿ ಪ್ರಕಟಿಸಲಾಯಿತು. ಅದೇ ಜುಲೈ ಕೊನೆಯಲ್ಲಿ ವಿವರವಾದ ವರದಿ ಹೊರಬಂದಾಗ ಸಂಖ್ಯೆ 3,682ಕ್ಕೆ ಏರಿತ್ತು. ನಾಲ್ಕು ತಿಂಗಳೊಳಗೆ ಐನೂರು ಹುಲಿಗಳು ಎಲ್ಲಿಂದ ಬಂದವು ಎಂದು ಪರಿಚಿತರು ಕೇಳಿದರು. ಕೆಲವರ ದನಿಯಲ್ಲಿ ಕುಹಕವೂ ಇತ್ತು. ಹುಲಿಗಳು ಎಲ್ಲಿಂದಲೂ ಬಂದಿರಲಿಲ್ಲ. ಏಪ್ರಿಲ್‌ನಲ್ಲಿ ಹೇಳಿದ್ದು ಕನಿಷ್ಠ ಸಂಖ್ಯೆ, ಜುಲೈನಲ್ಲಿ ಹೇಳಿದ್ದು ಸರಾಸರಿ ಅಂದಾಜು. ಅದರ ಮೇಲ್ಮಿತಿ 3,925 ಎಂಬುದೂ ವರದಿಯಲ್ಲಿತ್ತು. ಆದರೆ ತಲೆಬರಹದಲ್ಲಿ ಒಂದೇ ಸಂಖ್ಯೆಗೆ ಜಾಗ.

ಕಾಡಿನಲ್ಲಿ ಲೆಕ್ಕ ಮಾಡುವವರಿಗೆ ಕಂಡದ್ದನ್ನು ಎಣಿಸುವುದು ಅಷ್ಟೇನೂ ಕಷ್ಟವಲ್ಲ. ಕಾಣದೆ ಹೋದದ್ದು ಎಷ್ಟು ಎಂದು ಹೇಳುವುದರಲ್ಲೇ ನಮ್ಮ ಹೊಟ್ಟೆಪಾಡಿನ ವಿದ್ಯೆಯೆಲ್ಲ ಇದೆ. ಹುಲಿಯಿಂದ ಹಿಡಿದು ಹಳ್ಳದ ನೀರಿನವರೆಗೆ ಇದೇ ಮಾತು.

ಹಿಂದೆ ಹೀಗಿರಲಿಲ್ಲ. 1972ರ ಮೊದಲ ರಾಷ್ಟ್ರೀಯ ಗಣತಿಯಿಂದ ಮುಂದಿನ ಮೂರು ದಶಕಗಳ ಕಾಲ ಹೆಜ್ಜೆ ಗುರುತೇ ಆಧಾರ. ಗಾಜಿನ ಮೇಲೆ ಹೆಜ್ಜೆಯ ಆಕಾರ ಬರೆದುಕೊಂಡು, ಕಾಗದಕ್ಕಿಳಿಸಿ, ಇದು ಇಂಥ ಹುಲಿಯದು ಎಂದು ಗುರುತಿಸುತ್ತಿದ್ದರು. ಒಂದೇ ಹುಲಿ ಧೂಳಿನಲ್ಲಿ ನಡೆದಾಗ ಒಂದು ಆಕಾರ, ಕೆಸರಿನಲ್ಲಿ ನಡೆದಾಗ ಇನ್ನೊಂದು, ಓಡಿದರೆ ಮತ್ತೊಂದು. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ದೇಶದ ಎಲ್ಲ ಹುಲಿಗಳ ಹೆಜ್ಜೆಯೂ ತಪ್ಪದೆ ಸಿಕ್ಕಿಬಿಡುತ್ತದೆ ಎಂಬ ನಂಬಿಕೆಯ ಮೇಲೆ ಆ ಪದ್ಧತಿ ನಿಂತಿತ್ತು. ಕಾಣದ ಹುಲಿಗೆ ಅಲ್ಲಿ ಜಾಗವೇ ಇರಲಿಲ್ಲ. ರಾಜಸ್ಥಾನದ ಸರಿಸ್ಕಾದಲ್ಲಿ 2004ರ ದಾಖಲೆಯ ಪ್ರಕಾರ ಒಂದು ಡಜನ್‌ಗೂ ಹೆಚ್ಚು ಹುಲಿಗಳಿದ್ದವು. 2005ರಲ್ಲಿ ಹುಡುಕಿದಾಗ ಒಂದೂ ಇರಲಿಲ್ಲ. ದೇಶವೇ ಬೆಚ್ಚಿತು, ಕಾರ್ಯಪಡೆ ರಚನೆಯಾಯಿತು, 2006ರಿಂದ ಪದ್ಧತಿ ಬದಲಾಯಿತು.

ಬದಲಾವಣೆಯ ಬೀಜ ಬಿದ್ದದ್ದು ನಮ್ಮ ನಾಗರಹೊಳೆಯಲ್ಲಿ. 1990ರ ದಶಕದ ಆರಂಭದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಅಲ್ಲಿ, ಪ್ರಾಣಿ ಎದುರು ಹಾದಾಗ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಬಳಸಿ ಹುಲಿಗಳನ್ನು ಮೈಮೇಲಿನ ಪಟ್ಟೆಗಳಿಂದ ಗುರುತಿಸಿದರು. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜೇಮ್ಸ್ ನಿಕೋಲ್ಸ್ ಜೊತೆಗೂಡಿ, ಕಾಣದ ಹುಲಿಗಳನ್ನು ಲೆಕ್ಕಕ್ಕೆ ತರುವ ದಾರಿಯನ್ನೂ ತೋರಿಸಿದರು. ಆಗ ಫಿಲ್ಮ್ ಕ್ಯಾಮೆರಾಗಳ ಕಾಲ. ಮೂವತ್ತಾರು ಚಿತ್ರ ಮುಗಿದರೆ ಮುಂದಿನ ಹುಲಿ ಪುಕ್ಕಟೆ ದಾಟಿಹೋಗುತ್ತಿತ್ತು.

ಲೆಕ್ಕದ ತಿರುಳು ಸರಳವಾಗಿದೆ. ಮೊದಲ ಸುತ್ತಿನಲ್ಲಿ 40 ಬೇರೆ ಬೇರೆ ಹುಲಿಗಳು ಚಿತ್ರಕ್ಕೆ ಸಿಕ್ಕವು ಎಂದುಕೊಳ್ಳಿ. ಎರಡನೇ ಸುತ್ತಿನಲ್ಲಿ 30 ಸಿಕ್ಕವು, ಅವುಗಳಲ್ಲಿ 20 ಹಳೆಯ ಪರಿಚಯದವೇ. ಈ ಮೂವತ್ತರಲ್ಲಿ ಮೂರನೇ ಎರಡು ಪಾಲು ಮೊದಲೇ ಕಂಡವು ಎಂದಮೇಲೆ, ಇಡೀ ಕಾಡಿನ ಹುಲಿಗಳಲ್ಲೂ ಸುಮಾರು ಮೂರನೇ ಎರಡು ಪಾಲು ಮೊದಲ ಸುತ್ತಿನಲ್ಲಿ ಸಿಕ್ಕಿರಬೇಕು. ಹಾಗಾದರೆ ಒಟ್ಟು 60. ಎರಡೂ ಸುತ್ತು ಸೇರಿ ನಾವು ನೋಡಿದ್ದು 50 ಹುಲಿಗಳನ್ನು, ನೋಡದೆ ಲೆಕ್ಕಕ್ಕೆ ಹಿಡಿದದ್ದು ಹತ್ತನ್ನು. ಈಗಿನ ಲೆಕ್ಕಾಚಾರ ಇದಕ್ಕಿಂತ ಬಹಳ ಜಟಿಲ. ಪ್ರತಿ ಹುಲಿಯ ಸಂಚಾರದ ನಡುಬಿಂದು ಎಲ್ಲಿ, ಯಾವ ಕ್ಯಾಮೆರಾ ಎಷ್ಟು ದೂರ ಎಂಬುದೂ ಅದರಲ್ಲಿ ಸೇರುತ್ತದೆ. ತಳಪಾಯ ಮಾತ್ರ ಇದೇ. 2018ರ ಅಂದಾಜಿನಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟು ಸುಮಾರು ಮೂರೂವರೆ ಕೋಟಿ ಚಿತ್ರಗಳನ್ನು ತೆಗೆಯಲಾಯಿತು. ಹುಲಿ ಇದ್ದದ್ದು 76,651ರಲ್ಲಿ. ಅವುಗಳಿಂದ ಬೇರೆ ಬೇರೆಯಾಗಿ ಗುರುತಿಸಿದ ಹುಲಿಗಳು 2,461, ಪ್ರಕಟವಾದ ಅಂದಾಜು 2,967. ಈ ಎರಡು ಸಂಖ್ಯೆಗಳ ನಡುವಿನ ಐನೂರು ಹುಲಿಗಳ ಬಗ್ಗೆ ಯಾರೂ ಮಾತನಾಡುವುದಿಲ್ಲ. ನನಗೆ ಮಾತ್ರ ಇಡೀ ವರದಿಯಲ್ಲಿ ಅತ್ಯಂತ ಕುತೂಹಲದ ಹುಲಿಗಳು ಅವೇ.

ಕ್ಯಾಮೆರಾ ಕಟ್ಟುವುದನ್ನು ಹತ್ತಿರದಿಂದ ನೋಡಿದರೆ ಈ ಲೆಕ್ಕ ಎಷ್ಟು ನಾಜೂಕಿನದು ಎಂದು ಗೊತ್ತಾಗುತ್ತದೆ. ಹುಲಿಯ ಎಡಮೈಯ ಪಟ್ಟೆ ಬಲಮೈಯ ಹಾಗಿರುವುದಿಲ್ಲ. ಒಂದೇ ಕ್ಯಾಮೆರಾ ಇದ್ದರೆ, ಎಡಕ್ಕೆ ಹೋದ ಹುಲಿಯೂ ಬಲಕ್ಕೆ ಬಂದ ಹುಲಿಯೂ ಒಂದೇ ಹೌದೋ ಅಲ್ಲವೋ ಹೇಳಲಾಗದು. ಆದ್ದರಿಂದ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ, ಮೊಣಕಾಲೆತ್ತರದಲ್ಲಿ. ಒಂದರ ಫ್ಲ್ಯಾಶ್ ಇನ್ನೊಂದರ ಕಣ್ಣಿಗೆ ಹೊಡೆಯದಂತೆ ತುಸು ಓರೆಯಾಗಿ ಕಟ್ಟಬೇಕು. ಕಟ್ಟಿದ ಮೇಲೆ ಪರೀಕ್ಷೆ. ವಾಚರ್ ಒಬ್ಬರು ನಾಲ್ಕು ಕಾಲಿನ ಮೇಲೆ ನಿಂತು, ಹುಲಿಯ ಗತ್ತಿನಲ್ಲಿ ಕ್ಯಾಮೆರಾದ ಮುಂದೆ ಅಂಬೆಗಾಲಿಡುತ್ತಾರೆ. ಕೆಂಪು ದೀಪ ಮಿನುಗಿದರೆ ಸರಿ. ಮಿನುಗದಿದ್ದರೆ ಎತ್ತರ ತಗ್ಗಿಸಿ ಮತ್ತೊಮ್ಮೆ ‘ಹುಲಿ’ ನಡೆಯಬೇಕು. ಮುಂದಿನ ಹುಲ್ಲನ್ನು ಬುಡಕ್ಕೆ ಸವರುವುದನ್ನು ಮರೆತರೆ, ಮಾರ್ಚ್ ತಿಂಗಳ ಬಿಸಿಗಾಳಿಗೆ ಹುಲ್ಲೆಸಳು ತೂಗಾಡಿದ್ದನ್ನೇ ಕ್ಯಾಮೆರಾ ನೂರಾರು ಸಲ ಚಿತ್ರ ತೆಗೆದು ಕಾರ್ಡ್ ತುಂಬಿಸುತ್ತದೆ. ಸಂವೇದಕ ಹಿಡಿಯುವುದು ಪ್ರಾಣಿಯ ಮೈಬಿಸಿಗೂ ಸುತ್ತಲಿನ ಬಿಸಿಗೂ ಇರುವ ವ್ಯತ್ಯಾಸವನ್ನು. ಬೇಸಿಗೆಯ ನಡುಹಗಲಲ್ಲಿ ನೆಲವೇ ಮೈಯಷ್ಟು ಕಾದಿದ್ದರೆ ನಿಜವಾದ ಹುಲಿ ಎದುರಿಗೆ ಹೋದರೂ ಅದು ಸುಮ್ಮನಿರಬಹುದು. ಆನೆಯ ಕುತೂಹಲಕ್ಕೆ ಬಲಿಯಾದ ಕ್ಯಾಮೆರಾಗಳ ಕಥೆ ಬೇರೆಯೇ ಇದೆ.

ಜಿಂಕೆ, ಕಡವೆ, ಕಾಟಿಗಳಿಗೆ ಬೇರೆ ದಾರಿ ಹಿಡಿಯಬೇಕು. ಅವುಗಳನ್ನು ಒಂದೊಂದಾಗಿ ಗುರುತಿಸುವುದು ದೊಡ್ಡ ಪ್ರಮಾಣದಲ್ಲಿ ಆಗದ ಕೆಲಸ. ಅದಕ್ಕೇ ಕಾಡಿನಲ್ಲಿ ನೇರವಾದ ಸೀಳುದಾರಿ ಮಾಡಿಕೊಂಡು, ಬೆಳಕು ಹರಿಯುತ್ತಿದ್ದಂತೆ ಇಬ್ಬರು ಸದ್ದಿಲ್ಲದೆ ನಡೆಯುತ್ತಾರೆ. ಪ್ರಾಣಿ ಕಂಡರೆ ಎಷ್ಟು, ಎಷ್ಟು ದೂರ, ದಾರಿಯಿಂದ ಯಾವ ಕೋನದಲ್ಲಿ ಎಂದು ಬರೆದುಕೊಳ್ಳುತ್ತಾರೆ. ದಾರಿಯ ಮೇಲೆಯೇ ನಿಂತ ಕಡವೆ ತಪ್ಪದೆ ಕಾಣುತ್ತದೆ. ಇಪ್ಪತ್ತು ಮೀಟರ್ ಆಚೆಗಿನದು ಹೆಚ್ಚಾಗಿ ಕಾಣುತ್ತದೆ, ಎಂಬತ್ತು ಮೀಟರ್ ದೂರದ್ದು ಎಲ್ಲೋ ಅಪರೂಪಕ್ಕೆ. ದೂರ ಹೆಚ್ಚಿದಂತೆ ಕಾಣುವುದು ಯಾವ ವೇಗದಲ್ಲಿ ಇಳಿಯುತ್ತದೆ ಎಂಬುದೇ ತಪ್ಪಿಸಿಕೊಂಡವುಗಳ ಲೆಕ್ಕ ಕೊಡುತ್ತದೆ. ಆದ್ದರಿಂದ ಪ್ರಾಣಿಯ ಸಂಖ್ಯೆಯಷ್ಟೇ ದೂರದ ಅಳತೆಯೂ ಮುಖ್ಯ. ದೂರ ಬರೆಯದ ಪುಸ್ತಕ ನನ್ನ ಮಟ್ಟಿಗೆ ಖಾಲಿ ಪುಸ್ತಕ.

ಇದು ಪಂಡಿತರ ಸೂಕ್ಷ್ಮವೆಂದು ತಳ್ಳಿಹಾಕುವವರು ಲಂಟಾನವೆಂಬ ಕಳೆಪೊದೆಯನ್ನು ನೋಡಬೇಕು. ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಹಲವೆಡೆ ಅದು ಆಳೆತ್ತರಕ್ಕೆ ಹೆಣೆದುಕೊಂಡಿದೆ. ದಾರಿ ಬದಿಯ ಲಂಟಾನ ದಟ್ಟವಾದ ವರ್ಷ ಸಫಾರಿಗೆ ಹೋದವರು ಪ್ರಾಣಿಗಳು ಕಡಿಮೆಯಾಗಿವೆ ಎಂದು ದೂರುತ್ತಾರೆ. ಬೇಸಿಗೆಯಲ್ಲಿ ಬೆಂಕಿ ಬಿದ್ದು ಪೊದೆಯೆಲ್ಲ ಬೂದಿಯಾಗಿ, ಮೊದಲ ಮಳೆಗೆ ಹಸಿರು ಚಿಗುರಿದರೆ ಜಿಂಕೆಗಳು ಬಯಲಲ್ಲೇ ಮೇಯುತ್ತವೆ. ಆಗ ಪ್ರಾಣಿಗಳು ಹೆಚ್ಚಿವೆ ಎಂಬ ಮಾತು. ಎರಡೂ ಸಲ ಜಿಂಕೆಗಳು ಅಷ್ಟೇ ಇದ್ದಿರಬಹುದು, ಬದಲಾದದ್ದು ಮರೆ. ಬರಿಗಣ್ಣಿನ ಲೆಕ್ಕವನ್ನೇ ನಂಬಿದರೆ, ಕಾಡು ಸುಟ್ಟರೆ ಪ್ರಾಣಿಗಳಿಗೆ ಒಳ್ಳೆಯದು ಎಂಬ ತೀರ್ಮಾನಕ್ಕೂ ಬರಬಹುದು. ಬಂದವರೂ ಇದ್ದಾರೆ.

ಆನೆಯ ಲೆಕ್ಕದಲ್ಲಿ ಲದ್ದಿಯನ್ನು ಎಣಿಸುವ ಕ್ರಮವೂ ಉಂಟು. ಅಲ್ಲಿ ಗಂಟಿರುವುದು ಲದ್ದಿ ಕರಗುವ ಅವಧಿಯಲ್ಲಿ. ಒಣ ಹವೆಯಲ್ಲಿ ತಿಂಗಳುಗಟ್ಟಲೆ ಉಳಿಯುವ ಲದ್ದಿಯನ್ನು ಮಳೆ ಮತ್ತು ಸಗಣಿ ಹುಳುಗಳು ಬೇಗನೆ ಮುಗಿಸುತ್ತವೆ. ಒಂದು ಕಾಡಿನ ಅವಧಿಯನ್ನು ಇನ್ನೊಂದಕ್ಕೆ ತಂದು ಹಾಕಿದರೆ ಆನೆಗಳು ಕಾಗದದ ಮೇಲೆ ಮರಿ ಹಾಕುತ್ತವೆ, ಇಲ್ಲವೇ ಸಾಯುತ್ತವೆ.

ಮರ ಓಡಿಹೋಗುವುದಿಲ್ಲವಲ್ಲ, ಅದನ್ನು ಎಣಿಸುವುದೇನು ಮಹಾ ಎಂದು ಕೇಳುವವರಿದ್ದಾರೆ. ಬಂಡೀಪುರಕ್ಕೆ ಅಂಟಿಕೊಂಡಿರುವ ಮುದುಮಲೆಯಲ್ಲಿ 1988ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 50 ಹೆಕ್ಟೇರ್ ಕಾಡನ್ನು ಅಳೆದು ಗುರುತು ಹಾಕಿಕೊಂಡರು. ಒಂದು ಸೆಂಟಿಮೀಟರಿಗಿಂತ ದಪ್ಪ ಕಾಂಡವಿರುವ ಪ್ರತಿ ಮರಗಿಡಕ್ಕೂ ಲೋಹದ ಬಿಲ್ಲೆ. ಸುಮಾರು ಇಪ್ಪತ್ತೈದು ಸಾವಿರ ಬಿಲ್ಲೆಗಳು. ವರ್ಷ ವರ್ಷ ಹೋಗಿ ಸತ್ತವು ಯಾವುವು, ಹೊಸದಾಗಿ ಬಂದವು ಯಾವುವು ಎಂದು ನೋಡುತ್ತಾರೆ. ಆನೆಗೆ ಪ್ರಿಯವಾದ ಕಿಡಿಯಾ ಎಂಬ ಮರ ಆರಂಭದ ವರ್ಷಗಳಲ್ಲೇ ಅಲ್ಲಿ ಗಣನೀಯವಾಗಿ ಇಳಿಯಿತು. ಬೆಂಕಿ ಬಿದ್ದ ವರ್ಷ ಸಣ್ಣ ಗಿಡಗಳು ಹೋದವು, ಬೆಂಕಿಯಿಲ್ಲದ ವರ್ಷಗಳಲ್ಲಿ ಮತ್ತೆ ಬಂದವು. ಒಂದೇ ಭೇಟಿಯಲ್ಲಿ ಇವು ಯಾವುವೂ ತಿಳಿಯುವ ಸಂಗತಿಗಳಲ್ಲ.

ಇಲ್ಲಿಯೂ ಅಳತೆಗೆ ಕಿರಿಕಿರಿಗಳಿವೆ. ಕಾಂಡದ ಸುತ್ತಳತೆಯನ್ನು ನೆಲದಿಂದ 1.3 ಮೀಟರ್ ಎತ್ತರದಲ್ಲಿ ತೆಗೆಯಬೇಕು. ಕಳೆದ ಸಲ ಬಳಿದ ಬಣ್ಣದ ಪಟ್ಟಿ ತೊಗಟೆಯ ಜೊತೆ ಉದುರಿ, ಟೇಪು ನಾಲ್ಕು ಬೆರಳು ಮೇಲೆ ಕೂತರೆ ಮರ ‘ಸಣ್ಣಗಾಗಿರುತ್ತದೆ’. ಬೇಸಿಗೆಯಲ್ಲಿ ನೀರಿಲ್ಲದೆ ಕಾಂಡ ನಿಜಕ್ಕೂ ಕೊಂಚ ಕುಗ್ಗುತ್ತದೆ ಎಂಬುದರಿಂದ ತಪ್ಪಾವುದು, ನಿಜವಾವುದು ಎಂದು ಬಿಡಿಸುವುದು ಇನ್ನೂ ಕಷ್ಟ. ಅದಕ್ಕೇ ಒಂದು ಕಾಡನ್ನು ಪ್ರತಿ ಸಲವೂ ಒಂದೇ ತಿಂಗಳಲ್ಲಿ ಅಳೆಯಬೇಕೆಂದು ಹಟ ಹಿಡಿಯುತ್ತೇವೆ.

ಉಪಗ್ರಹವಿರುವಾಗ ಟೇಪು ಏಕೆ ಎಂಬ ಪ್ರಶ್ನೆಗೂ ಉತ್ತರವಿದೆ. ಭಾರತೀಯ ಅರಣ್ಯ ಸರ್ವೇಕ್ಷಣೆಯ ಲೆಕ್ಕದಲ್ಲಿ, ಒಂದು ಹೆಕ್ಟೇರಿಗಿಂತ ದೊಡ್ಡದಾದ, ಮರಗಳ ನೆತ್ತಿ ಕನಿಷ್ಠ ಶೇ 10ರಷ್ಟು ಆವರಿಸಿದ ಜಾಗವೆಲ್ಲ ಅರಣ್ಯ ಹೊದಿಕೆಯೇ. ಜಮೀನು ಯಾರದು, ಮರ ಯಾವುದು ಎಂಬ ಪ್ರಶ್ನೆ ಅಲ್ಲಿಲ್ಲ. ಕೊಡಗಿನ ಕಾಫಿ ತೋಟದ ನೆರಳು ಮರಗಳೂ ಅದರಲ್ಲಿ ಸೇರುತ್ತವೆ. ಮೇಲಿನಿಂದ ಹಸಿರು ಕಾಣುತ್ತದೆ, ಹಸಿರಿನ ಕೆಳಗೆ ಲಂಟಾನವೋ, ಹಳದಿ ಹೂವಿನ ಸೆನ್ನಾವೋ, ಎಳೆಯ ಹೊನ್ನೆಯೋ ಎಂಬುದು ಕಾಣುವುದಿಲ್ಲ. ಹತ್ತು ವರ್ಷಗಳಿಂದ ಒಂದೂ ಹೊನ್ನೆ ಸಸಿ ಮೇಲೇಳದ ಕಾಡು ಕೂಡ ಉಪಗ್ರಹದ ಕಣ್ಣಿಗೆ ಆರೋಗ್ಯವಾಗಿಯೇ ಇರುತ್ತದೆ.

ಇನ್ನು ಹಳ್ಳ. ಪ್ರಾಣಿ ಕಣ್ಣಿಗೆ ಬೀಳದೆ ಹೋಗುವುದು ಎಲ್ಲರಿಗೂ ಅರ್ಥವಾಗುತ್ತದೆ, ನೀರು ಕಣ್ಣೆದುರೇ ಹರಿಯುತ್ತಿರುತ್ತದೆ. ಆದರೂ ನಾವು ಅತಿ ಹೆಚ್ಚು ಕಳೆದುಕೊಳ್ಳುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಪಶ್ಚಿಮ ಘಟ್ಟದ ಹಳ್ಳವೊಂದು ವರ್ಷವಿಡೀ ಸಾಗಿಸುವ ಮಣ್ಣಿನ ಬಹುಪಾಲು ಕೆಲವೇ ಜಡಿಮಳೆಗಳಲ್ಲಿ, ಅದೂ ಕೆಲವೇ ಗಂಟೆಗಳಲ್ಲಿ ಹೋಗಿಬಿಡುತ್ತದೆ. ತಿಂಗಳಿಗೊಮ್ಮೆ, ಬಿಸಿಲು ನೋಡಿಕೊಂಡು, ಜೀಪು ಹೋಗುವ ಸೇತುವೆಯ ಬಳಿ ಬಾಟಲಿ ತುಂಬಿಸಿ ತಂದರೆ ಸಿಗುವುದು ತಿಳಿನೀರು. ಮದುವೆ ಮನೆಯ ಖರ್ಚನ್ನು ಮರುವಾರದ ತರಕಾರಿ ಚೀಟಿ ನೋಡಿ ಅಂದಾಜು ಮಾಡಿದ ಹಾಗೆ.

ಪುನರ್ವಸು, ಪುಷ್ಯ ಮಳೆಗಳ ರಾತ್ರಿ ಹಳ್ಳದ ದಂಡೆಯಲ್ಲಿ ನಿಲ್ಲುವುದೇ ಈ ಕೆಲಸದ ನಿಜವಾದ ಪಾಲು. ಬಂಡೆಗೆ ಕಟ್ಟಿದ ಅಳತೆ ಪಟ್ಟಿಯನ್ನು ಹಣೆಯ ಟಾರ್ಚಿನ ಬೆಳಕಿನಲ್ಲಿ ಓದಬೇಕು, ಬಾಟಲಿ ತುಂಬಿಸಿ ಗಂಟೆ ಬರೆಯಬೇಕು, ನಡುವೆ ಕಾಲಿನ ಉಂಬಳ ಕೀಳಬೇಕು. ಹೊಸದಾಗಿ ಸೇರಿದ ಹುಡುಗರು, “ಬೆಳಗ್ಗೆ ನೀರು ಇಳಿದ ಮೇಲೆ ಹೋದರೆ ಆಗುವುದಿಲ್ಲವೇ ಸಾರ್?” ಎಂದು ಕೇಳುತ್ತಾರೆ. ಆಗುವುದಿಲ್ಲ. ನೀರು ಏರುವಾಗ ಪಟ್ಟಿಯಲ್ಲಿ ಅರವತ್ತು ಸೆಂಟಿಮೀಟರ್ ತೋರಿಸಿದಾಗಿನ ಬಾಟಲಿಯನ್ನೂ, ಇಳಿಯುವಾಗ ಅದೇ ಅರವತ್ತು ತೋರಿಸಿದಾಗಿನ ಬಾಟಲಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು, ಮೊದಲನೆಯದು ಸಾಮಾನ್ಯವಾಗಿ ಕೆಮ್ಮಣ್ಣಿನ ಬಣ್ಣ, ಎರಡನೆಯದು ಎಳನೀರಿನಂಥ ಮಬ್ಬು. ಸಡಿಲ ಮಣ್ಣನ್ನು ಏರುವ ನೀರು ಮೊದಲೇ ಬಳಿದುಕೊಂಡು ಹೋಗಿರುತ್ತದೆ. ಆಮೇಲೆ ಸೋಸುವುದು, ಒಣಗಿಸುವುದು, ತೂಗುವುದು ಎಲ್ಲ ಬೇಸರದ ಕೆಲಸ.

ಈ ಬೇಸರದ ಕೆಲಸಕ್ಕೆ ಬೆಲೆ ಇದೆಯೆಂದು ತೋರಿಸಿದ್ದು ಕುದುರೆಮುಖ. ಭದ್ರೆಯ ಮೇಲ್ದಂಡೆಯಲ್ಲಿ ಕಬ್ಬಿಣದ ಅದಿರಿನ ಗಣಿಯಿತ್ತು. ಗಣಿಯ ಮೇಲಿನ ತೊರೆಗಳು, ಕೆಳಗಿನ ಹೊಳೆ ಎರಡರಲ್ಲೂ ಮಳೆಗಾಲದಲ್ಲೇ ನಿಂತು ಹೂಳನ್ನು ಅಳೆದ ವಿಜ್ಞಾನಿ ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರು, ಜಲಾನಯನದ ಪುಟ್ಟ ಭಾಗವಾದ ಗಣಿ ಪ್ರದೇಶದಿಂದ ಅದರ ವಿಸ್ತೀರ್ಣಕ್ಕೆ ಹೋಲಿಸಲಾಗದಷ್ಟು ಮಣ್ಣು ಹೊಳೆಗಿಳಿಯುತ್ತಿದೆ ಎಂದು ಕಂಡುಕೊಂಡರು. ಸುಪ್ರೀಂ ಕೋರ್ಟಿನ 2002ರ ಆದೇಶದ ಫಲವಾಗಿ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಹೊಳೆ ಕೆಂಪಾಗುವುದನ್ನು ಊರವರು ಹಿಂದಿನಿಂದಲೂ ಹೇಳುತ್ತಿದ್ದರು. ಘಟ್ಟದ ಮಳೆಗೆ ಯಾವ ಹೊಳೆ ಕೆಂಪಾಗುವುದಿಲ್ಲ ಎಂಬ ಮರುಪ್ರಶ್ನೆಗೆ ಮೇಲಿನ ಬಾಟಲಿ, ಕೆಳಗಿನ ಬಾಟಲಿ ಉತ್ತರ ಕೊಟ್ಟವು.

ಬಾಟಲಿ ಹೇಳುವುದು ಆ ಕ್ಷಣದ ಮಾತನ್ನು. ಕಳೆದ ತಿಂಗಳುಗಳ ಮಾತು ಬೇಕೆಂದರೆ ಕಲ್ಲು ಮಗುಚಬೇಕು. ಹರಿಯುವ ತಣ್ಣೀರಿನ ಕಲ್ಲುಗಳ ಅಡಿಯಲ್ಲಿ ಮೇಫ್ಲೈ, ಸ್ಟೋನ್‌ಫ್ಲೈ ಮುಂತಾದ ಕೀಟಗಳ ಮರಿಗಳು ಅಂಟಿಕೊಂಡು ಬದುಕುತ್ತವೆ. ಹೂಳು ಕಲ್ಲುಗಳ ಸಂದಿ ತುಂಬಿದರೆ ಅವುಗಳಲ್ಲಿ ಸೂಕ್ಷ್ಮವಾದವು ಮೊದಲು ಮಾಯವಾಗುತ್ತವೆ. ಬಲೆಯನ್ನು ಕೆಳಗಿಟ್ಟು ಮೇಲಿನ ಕಲ್ಲುಗಳನ್ನು ಕಾಲಿನಿಂದ ಕೆದಕಿ ಹಿಡಿಯುವುದು ಅಗ್ಗದ ವಿಧಾನ. ಶಾಲೆಯ ಮಕ್ಕಳಿಗೂ ಕಲಿಸಬಹುದು. ಪ್ರತಿ ಸಲ ಅಷ್ಟೇ ಹೊತ್ತು, ಅಷ್ಟೇ ಜಾಗ ಕೆದಕಬೇಕು ಎಂಬುದನ್ನು ಕಲಿಸುವುದು ಮಾತ್ರ ದೊಡ್ಡವರಿಗೂ ಕಷ್ಟ.

ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಕಾನೂನಿನ ವ್ಯವಹಾರ ಹೇಗಿದೆ ನೋಡಿ. ಹಲವು ಬಗೆಯ ಯೋಜನೆಗಳ ಪರಿಸರ ಪರಿಣಾಮ ವರದಿಗೆ ಒಂದು ಋತುವಿನ ಮಾಹಿತಿ ಸಾಕು, ಮತ್ತು ಆ ಋತು ಮಳೆಗಾಲವಾಗಿರಬಾರದು. ಗಾಳಿಯ ಧೂಳನ್ನು ಅಳೆಯಲು ಇದರಲ್ಲಿ ಅರ್ಥವಿದೆ, ಮಳೆಯಲ್ಲಿ ಧೂಳು ಇರುವುದಿಲ್ಲ. ಮಲೆನಾಡಿನ ಹಳ್ಳಕ್ಕೂ ಅದೇ ನಿಯಮ ಹಾಕಿ, ಫೆಬ್ರವರಿಯ ತಿಳಿನೀರನ್ನು ಪ್ರಯೋಗಾಲಯಕ್ಕೆ ಕಳಿಸಿ, ಪಟ್ಟಿಯಲ್ಲಿ ಎಲ್ಲವೂ ಮಿತಿಯೊಳಗಿದೆ ಎಂದು ಬರೆಯಲಾಗುತ್ತದೆ. ಬರೆದದ್ದು ಸುಳ್ಳಲ್ಲ. ಅಂಥ ವರದಿ ನಿಮ್ಮ ಊರಿನ ಸಾರ್ವಜನಿಕ ವಿಚಾರಣೆಗೆ ಬಂದರೆ ನೀರಿನ ಪಟ್ಟಿಯ ಸಂಖ್ಯೆಗಳಿಗಿಂತ ಮೊದಲು ಮಾದರಿ ತೆಗೆದ ದಿನಾಂಕ ನೋಡಿ, ಕೆಲಸ ಶುರುವಾಗುವ ಮುನ್ನ ಒಂದು ಮಳೆಗಾಲವಾದರೂ ಯೋಜನೆಯ ಮೇಲ್ಭಾಗದಲ್ಲೂ ಕೆಳಭಾಗದಲ್ಲೂ ಅಳತೆ ಪಟ್ಟಿ ಹಾಕಿಸಿ ಎಂದು ಲಿಖಿತವಾಗಿ ಕೇಳಿ. ವಿಚಾರಣೆಯಲ್ಲಿ ಹೇಳಿದ ಮಾತನ್ನು ನಡಾವಳಿಯಲ್ಲಿ ದಾಖಲಿಸಲೇಬೇಕು.